ನೆತ್ತಿ ಹತ್ತಿದ ಕೂಸು: ಉಸಿರು ಮರಳಿಸುವ ವಿದ್ಯೆ ನಡೆದುಬಂದ ದಾರಿ

ಉಣ್ಣುವಾಗ ಮಗು ಕೆಮ್ಮಿದರೆ ‘ನೆತ್ತಿ ಹತ್ತಿತು’ ಎನ್ನುವುದು ನಮ್ಮ ರೂಢಿಯ ಮಾತು. ನೆತ್ತಿಯ ಮೇಲೆ ಮೆಲ್ಲಗೆ ತಟ್ಟಿ, ‘ಊರಲ್ಲಿ ಯಾರೋ ನೆನೆಸಿಕೊಂಡರು’ ಎಂದು ನಕ್ಕು, ಒಂದು ಗುಟುಕು ನೀರು ಕೊಡುತ್ತೇವೆ. ಬಹಳ ಸಲ ಅಷ್ಟಕ್ಕೇ ಎಲ್ಲವೂ ಸರಿಹೋಗುತ್ತದೆ. ಏಕೆಂದರೆ ಜೋರಾಗಿ ಕೆಮ್ಮುವ ಮಗು ತನ್ನ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುತ್ತಿರುತ್ತದೆ. ಆದರೆ ಕೆಮ್ಮೂ ಇಲ್ಲದೆ ಅಳುವೂ ಇಲ್ಲದೆ, ಬಾಯಿ ತೆರೆದು, ಕಣ್ಣರಳಿಸಿ, ತುಟಿ ನೀಲಿಗಟ್ಟುತ್ತಿರುವ ಕೂಸಿನ ಸಂಗತಿಯೇ ಬೇರೆ. ಅದರ ಶ್ವಾಸನಾಳದ ಬಾಗಿಲು ಮುಚ್ಚಿಹೋಗಿದೆ. ಆಗ ನೆತ್ತಿ ತಟ್ಟಿದರೂ ಫಲವಿಲ್ಲ, ನೀರು ಕುಡಿಸಿದರಂತೂ ಅಪಾಯವೇ. ಪ್ರಾಣವಾಯು ದೊರೆಯದಿದ್ದರೆ ನಾಲ್ಕಾರು ನಿಮಿಷಗಳಲ್ಲೇ ಮೆದುಳಿಗೆ ಹಾನಿ ತಟ್ಟತೊಡಗುತ್ತದೆ. ಮಹಾನಗರದ ವಾಹನಸಂದಣಿಯಲ್ಲಿ ಅಷ್ಟರೊಳಗೆ ವೈದ್ಯರು ಮನೆಬಾಗಿಲಿಗೆ ಬರುವರೆಂದು ಯಾರು ತಾನೇ ಭರವಸೆ ಕೊಟ್ಟಾರು? ಆ ಕೆಲವು ನಿಮಿಷಗಳಲ್ಲಿ ಮಗುವಿನ ಬಳಿ ಇರುವವರು ತಾಯಿ, ತಂದೆ, ಅಜ್ಜಿ, ಇಲ್ಲವೇ ಮಗುವನ್ನು ನೋಡಿಕೊಳ್ಳುವ ಆಯಾ. ವೈದ್ಯರೂ ಅವರೇ, ದಾದಿಯೂ ಅವರೇ.

ಈ ಮಾತನ್ನು ಜಗತ್ತು ಒಪ್ಪಿಕೊಳ್ಳಲು ಹಿಡಿದ ಕಾಲ ಅಲ್ಪವೇನಲ್ಲ. ನಿಂತ ಉಸಿರನ್ನು ಮರಳಿಸುವ ವಿದ್ಯೆ ಮೊದಲಿಗೆ ಸೂಲಗಿತ್ತಿಯರ ಕೈಯಲ್ಲಿತ್ತು. ಪಂಡಿತರು ಅದನ್ನು ಕೀಳಾಗಿ ಕಂಡು ಉಪಕರಣಗಳ ಬೆನ್ನುಹತ್ತಿದರು. ಇನ್ನೂರು ವರ್ಷ ಸುತ್ತಿ ಬಳಲಿ, ಕಡೆಗೆ ಅದು ಮತ್ತೆ ಸಾಮಾನ್ಯ ಮನುಷ್ಯನ ಬಾಯಿಗೂ ಕೈಗೂ ಬಂದು ಸೇರಿತು. ಆ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿ, ನಮ್ಮ ಮನೆಗಳಿಗೆ ಅದರಿಂದ ಒದಗುವ ಪಾಠವನ್ನು ನೋಡೋಣ.

ಮೊರದ ಗಾಳಿ, ಸೂಲಗಿತ್ತಿಯ ಉಸಿರು

ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥವಾದ ಚರಕಸಂಹಿತೆಯಲ್ಲಿ, ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಹುಟ್ಟಿದೊಡನೆ ಚೇತರಿಸಿಕೊಳ್ಳದ ಶಿಶುವಿಗೆ ಏನು ಮಾಡಬೇಕೆಂಬ ವಿಧಿಯಿದೆ. ಕಿವಿಯ ಬುಡದಲ್ಲಿ ಎರಡು ಕಲ್ಲುಗಳನ್ನು ಕುಟ್ಟಿ ಸದ್ದು ಮಾಡಬೇಕು. ಮುಖಕ್ಕೆ ತಣ್ಣೀರನ್ನೋ ಬಿಸಿನೀರನ್ನೋ ಚಿಮುಕಿಸಬೇಕು. ಮೊರದಿಂದ ಗಾಳಿ ಬೀಸಬೇಕು. ಪ್ರಾಣ ಮರಳುವವರೆಗೆ ಇದನ್ನು ಬಿಡಬಾರದು. ಆಮೇಲೆ ಉಗುರು ಕತ್ತರಿಸಿದ ಬೆರಳಿಗೆ ಶುಭ್ರವಾದ ಹತ್ತಿ ಸುತ್ತಿ, ಅಂಗುಳ, ತುಟಿ, ಗಂಟಲು, ನಾಲಗೆಗಳನ್ನು ಒರೆಸಬೇಕು. ಸೂತಿಕಾಗೃಹದಲ್ಲಿ ಹೆತ್ತು ಅನುಭವವಿದ್ದ ಹೆಂಗಸರು ಸುತ್ತ ನೆರೆದಿರಬೇಕೆಂದೂ ಆ ಗ್ರಂಥ ಹೇಳುತ್ತದೆ. ಎಂದರೆ, ಆ ಕಲ್ಲನ್ನೂ ಮೊರವನ್ನೂ ಹಿಡಿಯುತ್ತಿದ್ದ ಕೈ ಪಂಡಿತನದಾಗಿರದೆ ಮನೆಯ ಹೆಂಗಸರದೇ ಆಗಿದ್ದಿರಬೇಕು. ಸದ್ದು, ಸ್ಪರ್ಶ, ನೀರು ಇವುಗಳಿಂದ ಶಿಶುವನ್ನು ಎಚ್ಚರಿಸಿ ಉಸಿರಾಡಿಸುವ ಹವಣಿಕೆ ಇದು. ಇಂದಿನ ಹೆರಿಗೆ ಕೋಣೆಯಲ್ಲಿಯೂ ಮೊದಲು ಮಾಡುವುದು ಮಗುವನ್ನು ಒರೆಸಿ, ಬೆನ್ನುಜ್ಜಿ ಎಚ್ಚರಿಸುವುದನ್ನೇ.

ಬೇರೆ ನಾಡುಗಳಲ್ಲಿ ಬಾಯಿಗೆ ಬಾಯಿ ಇಟ್ಟು ಊದುವ ಪದ್ಧತಿಯಿತ್ತು. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಎಲೀಷನು ಶೂನೇಮಿನ ಹೆಂಗಸಿನ ಸತ್ತ ಮಗುವಿನ ಮೇಲೆ ಬಾಗಿ, ಬಾಯಿಗೆ ಬಾಯಿಟ್ಟು ಬದುಕಿಸಿದನೆಂಬ ಕಥೆ ಬರುತ್ತದೆ. 1472ರಲ್ಲಿ ಇಟಲಿಯ ಪಾಡುವಾದಲ್ಲಿ ಪಾವೊಲೊ ಬಗೆಲ್ಲಾರ್ಡೊ ಎಂಬ ವೈದ್ಯನ ಗ್ರಂಥವೊಂದು ಅಚ್ಚಾಯಿತು. ಮಕ್ಕಳ ರೋಗಗಳನ್ನು ಕುರಿತು ಮೊದಲು ಅಚ್ಚಾದ ಪುಸ್ತಕ ಇದೆಂದು ಹೇಳುತ್ತಾರೆ. ಉಸಿರಾಡದ ಶಿಶುವಿನ ಬಾಯಿಗೆ ಸೂಲಗಿತ್ತಿ ಊದಬೇಕೆಂದು ಅವನು ಅದರಲ್ಲಿ ಬರೆದಿದ್ದಾನೆ. ಸೂಲಗಿತ್ತಿಯರು ತಲೆಮಾರುಗಳಿಂದ ಮಾಡುತ್ತಿದ್ದುದೇ ಹೀಗೆ ಪುಸ್ತಕಕ್ಕೂ ಏರಿತು.

ಕಲ್ಲಿದ್ದಲ ಗಣಿ ಮತ್ತು ಕಾಲುವೆಯ ದಂಡೆ

ದೊಡ್ಡವರ ವಿಷಯದಲ್ಲಿ ಇದನ್ನು ಪ್ರಯೋಗಿಸಿ ಬರೆದಿಟ್ಟವನು ವಿಲಿಯಂ ಟೊಸಾಕ್ ಎಂಬ ಸ್ಕಾಟ್‌ಲೆಂಡಿನ ಶಸ್ತ್ರವೈದ್ಯ. 1732ರಲ್ಲಿ ಅಲೋವಾ ಎಂಬಲ್ಲಿಯ ಕಲ್ಲಿದ್ದಲ ಗಣಿಯಿಂದ ಜೇಮ್ಸ್ ಬ್ಲೇರ್ ಎಂಬ ಕೂಲಿಯನ್ನು ಹೊರಗೆ ತಂದಾಗ ಅವನಲ್ಲಿ ಉಸಿರೂ ಇರಲಿಲ್ಲ, ನಾಡಿಯೂ ಇರಲಿಲ್ಲ. ಟೊಸಾಕ್ ಅವನ ಮೂಗು ಹಿಡಿದು ಬಾಯಿಗೆ ಬಲವಾಗಿ ಊದಿದ. ಗುಂಡಿಗೆ ಮಿಡಿಯತೊಡಗಿತು. ಕೆಲವು ಗಂಟೆಗಳ ಮೇಲೆ ಬ್ಲೇರ್ ತನ್ನ ಕಾಲಮೇಲೆ ನಡೆದು ಮನೆಗೆ ಹೋದ. ಟೊಸಾಕ್ ಇದನ್ನು ಪ್ರಕಟಿಸಿದ್ದು 1744ರಲ್ಲಿ. ಮರುವರ್ಷ ಜಾನ್ ಫೊದರ್‌ಗಿಲ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಪ್ರಸಂಗದ ಮಹತ್ವವನ್ನು ವಿವರಿಸಿದ. ಬಾಯಿಂದ ಊದುವುದು ತಿದಿಗಿಂತ ಮೇಲು; ಒಬ್ಬನ ಶ್ವಾಸಕೋಶ ಊದುವಷ್ಟು ಬಲವನ್ನು ಇನ್ನೊಬ್ಬನ ಶ್ವಾಸಕೋಶ ತಾಳಬಲ್ಲದು; ಇದಕ್ಕೆ ಹಣ ಬೇಡ, ಉಪಕರಣ ಬೇಡ, ಯಾರು ಬೇಕಾದರೂ ಮಾಡಬಹುದು ಎಂಬುದು ಅವನ ವಾದ. ಇನ್ನೂರ ಎಂಬತ್ತು ವರ್ಷಗಳ ಹಿಂದೆ ಆಡಿದ ಈ ಮಾತಿನಲ್ಲಿ ಇಂದಿನ ತಿಳಿವಳಿಕೆಯ ತಿರುಳೆಲ್ಲ ಇದೆ.

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1740ರಲ್ಲೇ ನೀರಿನಲ್ಲಿ ಮುಳುಗಿದವರಿಗೆ ಬಾಯಿಂದ ಉಸಿರು ಕೊಡಬೇಕೆಂದು ಶಿಫಾರಸು ಮಾಡಿತ್ತು. 1767ರಲ್ಲಿ ಕಾಲುವೆಗಳ ನಗರವಾದ ಆಮ್‌ಸ್ಟರ್‌ಡಾಮಿನಲ್ಲಿ, ಮುಳುಗಿದವರನ್ನು ಉಳಿಸುವುದಕ್ಕೆಂದೇ ನಾಗರಿಕರು ಸಂಘವೊಂದನ್ನು ಕಟ್ಟಿದರು. ನಾಲ್ಕು ವರ್ಷಗಳಲ್ಲಿ 150 ಮಂದಿ ಬದುಕಿದರೆಂದು ಆ ಸಂಘ ಹೇಳಿಕೊಂಡಿತು. ಅದನ್ನು ನೋಡಿ 1774ರಲ್ಲಿ ವಿಲಿಯಂ ಹಾಸ್ ಮತ್ತು ಥಾಮಸ್ ಕೋಗನ್ ಎಂಬ ವೈದ್ಯರು ಲಂಡನ್ನಿನಲ್ಲಿ ಸ್ಥಾಪಿಸಿದ ಸಂಘವೇ ಮುಂದೆ ರಾಯಲ್ ಹ್ಯೂಮೇನ್ ಸೊಸೈಟಿ ಎನಿಸಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಸ್ಪತ್ರೆಗಳಿಗಿಂತ ಮೊದಲು ಈ ವಿದ್ಯೆಯನ್ನು ಊರಿನ ಜನಕ್ಕೆ ಹಂಚಲು ಮುಂದಾದವು ನಾಗರಿಕರ ಸಂಘಗಳೇ. ಸಂಘಜೀವಿಗಳಾದ ನಮಗೆ ಇದು ಮೆಚ್ಚುಗೆಯಾಗಬೇಕಾದ ವಿಷಯ.

ತಿದಿ ಬಂತು, ಬಾಯಿ ದೂರವಾಯಿತು

ಇಷ್ಟು ಚೆನ್ನಾಗಿ ಆರಂಭವಾದದ್ದು ಮುಂದೆ ದಾರಿ ತಪ್ಪಿತು. ಅದಕ್ಕೆ ಎರಡು ಕಾರಣಗಳು. ಬಾಯಿಂದ ಊದುವುದು ಸೂಲಗಿತ್ತಿಯರ, ಬಡಬಗ್ಗರ ಪದ್ಧತಿ ಎಂಬ ಅಸಡ್ಡೆ ವೈದ್ಯರಲ್ಲಿದ್ದುದು ಒಂದು. ಎರಡನೆಯದು ವಿಜ್ಞಾನದಿಂದಲೇ ಬಂತು. 1770ರ ದಶಕದಲ್ಲಿ ಆಮ್ಲಜನಕದ ಶೋಧವಾಗಿ, ಮನುಷ್ಯ ಹೊರಬಿಡುವ ಗಾಳಿಯಲ್ಲಿ ಅದು ಕಡಿಮೆಯೆಂದು ತಿಳಿದಾಗ, ‘ಒಬ್ಬರು ಉಸಿರಾಡಿಬಿಟ್ಟ ಗಾಳಿ ಇನ್ನೊಬ್ಬರಿಗೆ ಹೇಗೆ ಜೀವ ಕೊಟ್ಟೀತು?’ ಎಂಬ ಪ್ರಶ್ನೆ ಹುಟ್ಟಿತು. ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್ 1776ರಲ್ಲಿ ತಿದಿಯನ್ನೇ ಎತ್ತಿಹಿಡಿದ. ಕಮ್ಮಾರನ ತಿದಿಯ ಮಾದರಿಯ ಸಾಧನಗಳು ಬಳಕೆಗೆ ಬಂದವು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಲೆರುವಾ ಎಂಬ ವೈದ್ಯ, ತಿದಿಯ ಗಾಳಿ ಶ್ವಾಸಕೋಶವನ್ನೇ ಹರಿದುಹಾಕಬಲ್ಲದೆಂದು ಪ್ರಾಣಿಗಳ ಮೇಲಣ ಪ್ರಯೋಗದಿಂದ ತೋರಿಸಿದ ಮೇಲೆ ತಿದಿಯ ಮಾನವೂ ಹೋಯಿತು. ಆದರೆ ಬಾಯಿಯ ಉಸಿರಿಗೆ ಮರ್ಯಾದೆ ಮರಳಲಿಲ್ಲ.

ಮುಂದೆ ನೂರು ವರ್ಷ ನಡೆದದ್ದು ಹೊರಳಿಸುವ, ಎತ್ತುವ, ಅದುಮುವ ಪದ್ಧತಿಗಳ ಕಾಲ. 1856ರಲ್ಲಿ ಮಾರ್ಷಲ್ ಹಾಲ್ ದೇಹವನ್ನು ಮಗ್ಗುಲಿಂದ ಮಗ್ಗುಲಿಗೆ ಹೊರಳಿಸುವುದನ್ನು ಹೇಳಿದ. 1858ರಲ್ಲಿ ಹೆನ್ರಿ ಸಿಲ್ವೆಸ್ಟರ್ ಅಂಗಾತ ಮಲಗಿಸಿ ತೋಳುಗಳನ್ನು ಎತ್ತಿ ಇಳಿಸುವುದನ್ನು ಹೇಳಿದ. 1903ರಲ್ಲಿ ಷೇಫರ್ ಬೋರಲು ಮಲಗಿಸಿ ಬೆನ್ನನ್ನು ಅದುಮುವುದನ್ನೂ, 1932ರಲ್ಲಿ ಡೆನ್ಮಾರ್ಕಿನ ಹೋಲ್ಗರ್ ನೀಲ್ಸೆನ್ ಬೆನ್ನು ಅದುಮಿ ತೋಳೆತ್ತುವುದನ್ನೂ ಹೇಳಿದರು. ಎಳೆಗೂಸುಗಳೂ ಈ ಸಾಹಸಗಳಿಂದ ತಪ್ಪಿಸಿಕೊಳ್ಳಲಿಲ್ಲ. 1871ರಲ್ಲಿ ಜರ್ಮನಿಯ ಷುಲ್ಟ್ಸೆ ಎಂಬ ಪ್ರಸೂತಿ ವೈದ್ಯ, ಉಸಿರಾಡದ ಶಿಶುವನ್ನು ಭುಜಗಳಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ತೂಗಿ ಬೀಸುವ ಕ್ರಮವನ್ನು ಪ್ರಚಾರಕ್ಕೆ ತಂದ. ಉಸಿರು ಕಟ್ಟಿದ ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ಅಲ್ಲಾಡಿಸುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ಅದಕ್ಕೆ ಆ ಕಾಲದಲ್ಲಿ ವೈದ್ಯರ ಸಮ್ಮತಿಯೂ ಇದ್ದಿತೆಂಬುದು ಇದರಿಂದ ತಿಳಿಯುತ್ತದೆ. ಅದು ಇಂದು ಸಲ್ಲದ ಪದ್ಧತಿ.

ಎರಡು ಕೈ, ಒಂದು ಬಾಯಿ

ಹಳೆಯ ಸತ್ಯ ಮರಳಿ ಬಂದದ್ದು ಪೋಲಿಯೋ ಪಿಡುಗಿನ ಕಾಲದಲ್ಲಿ. 1940ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಆಸ್ಪತ್ರೆಯಲ್ಲಿ, ಉಸಿರು ಕಟ್ಟಿ ನೀಲಿಗಟ್ಟಿದ್ದ ಮಗುವೊಂದನ್ನು ಕಂಡ ಜೇಮ್ಸ್ ಇಲಮ್ ಎಂಬ ತರುಣ ವೈದ್ಯ, ಹಳೆಯ ಸೂಲಗಿತ್ತಿಯರ ಪದ್ಧತಿಯನ್ನು ನೆನೆದು ಮೂಗಿನ ಮೂಲಕ ತನ್ನ ಉಸಿರನ್ನೇ ಊದಿದ. ಮಗುವಿನ ಬಣ್ಣ ತಿಳಿಯಾಯಿತು. ಅವನು ಮುಂದೆ ಪ್ರಯೋಗಗಳನ್ನು ನಡೆಸಿ, ಹೊರಬಿಡುವ ಉಸಿರಿನಿಂದಲೇ ರಕ್ತದಲ್ಲಿ ಸಾಕಷ್ಟು ಆಮ್ಲಜನಕ ಉಳಿಯುತ್ತದೆಂದು 1954ರಲ್ಲಿ ತೋರಿಸಿದ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲಿದ್ದರೆ, ನಾವು ಹೊರಬಿಡುವ ಉಸಿರಿನಲ್ಲಿ ಇನ್ನೂ ಸುಮಾರು 16 ಪಾಲು ಇರುತ್ತದೆ. ಒಂದು ಜೀವವನ್ನು ಹಿಡಿದಿಡಲು ಅಷ್ಟು ಸಾಕು.

1956ರಲ್ಲಿ ಇಲಮ್‌ನನ್ನು ಭೇಟಿಯಾದ ಪೀಟರ್ ಸಾಫರ್, ಬಾಲ್ಟಿಮೋರಿನಲ್ಲಿ ಸ್ವಯಂಸೇವಕರಿಗೆ ಔಷಧ ಕೊಟ್ಟು ಅವರ ಉಸಿರನ್ನು ನಿಲ್ಲಿಸಿ ಪರೀಕ್ಷಿಸಿದ. ಬೆನ್ನು ಅದುಮುವ ಪದ್ಧತಿಗಳಲ್ಲಿ ಗಾಳಿ ಒಳಗೆ ಹೋಗುತ್ತಿದ್ದುದು ತೀರ ಕಡಿಮೆ. ತಲೆಯನ್ನು ಹಿಂದಕ್ಕೆ ಬಾಗಿಸಿ ನಾಲಗೆ ದಾರಿಗೆ ಅಡ್ಡವಾಗದಂತೆ ಮಾಡಿ ಊದಿದರೆ, ವೈದ್ಯರಲ್ಲದವರೂ ಸಮರ್ಪಕವಾಗಿ ಉಸಿರು ಕೊಡಬಲ್ಲರು. 1958ರಲ್ಲಿ ಆರ್ಚರ್ ಗಾರ್ಡನ್ ಮತ್ತು ಸಂಗಡಿಗರು ಮಕ್ಕಳ ವಿಷಯದಲ್ಲಿಯೂ ಇದೇ ಉತ್ತಮವೆಂದು ತೋರಿಸಿದರು.

ಇನ್ನುಳಿದದ್ದು ನಿಂತ ಹೃದಯ. 1891ರಲ್ಲಿ ಜರ್ಮನಿಯ ಗ್ಯೋಟಿಂಗನ್ನಿನಲ್ಲಿ ಫ್ರೀಡ್ರಿಶ್ ಮಾಸ್ ಎಂಬ ವೈದ್ಯ, ಕ್ಲೋರೊಫಾರ್ಮಿನಿಂದ ಹೃದಯ ನಿಂತ ಒಂಬತ್ತು ವರ್ಷದ ಬಾಲಕನ ಎದೆಯನ್ನು ವೇಗವಾಗಿ ಒತ್ತಿ ಬದುಕಿಸಿದ್ದ. ಆದರೆ ಲೋಕ ಅದನ್ನು ಮರೆತುಬಿಟ್ಟಿತು. ಹೃದಯ ನಿಂತರೆ ಎದೆ ಸೀಳಿ ಕೈಯಿಂದ ಹಿಸುಕುವುದೊಂದೇ ದಾರಿ ಎಂಬ ನಂಬಿಕೆ ಬೇರೂರಿತು. ಎಪ್ಪತ್ತು ವರ್ಷಗಳ ತರುವಾಯ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ನಾಯಿಗಳ ಮೇಲೆ ವಿದ್ಯುತ್ ಆಘಾತದ ಪ್ರಯೋಗ ನಡೆಯುತ್ತಿದ್ದಾಗ, ಲೋಹದ ಫಲಕಗಳನ್ನು ಎದೆಗೆ ಒತ್ತಿದ ಮಾತ್ರಕ್ಕೆ ರಕ್ತದೊತ್ತಡ ಏರುವುದನ್ನು ಗೈ ನಿಕರ್‌ಬಾಕರ್ ಗಮನಿಸಿದ. ಅವನೂ ಅವನ ಹಿರಿಯ ವಿಲಿಯಂ ಕೌವೆನ್‌ಹೋವೆನ್ನನೂ ಇಂಜಿನಿಯರುಗಳು. ಮೂರನೆಯವ ಜೇಮ್ಸ್ ಜೂಡ್ ಶಸ್ತ್ರವೈದ್ಯ. 1960ರಲ್ಲಿ ಈ ಮೂವರು ಬರೆದ ಲೇಖನ, ಎರಡು ಕೈಗಳಿದ್ದರೆ ಸಾಕು, ಎಲ್ಲಿಯಾದರೂ ಯಾರಾದರೂ ಈ ಕೆಲಸವನ್ನು ಮಾಡಬಹುದೆಂದು ಸಾರಿತು. ಅವರು ವರದಿ ಮಾಡಿದ 20 ರೋಗಿಗಳಲ್ಲಿ 14 ಮಂದಿ ಬದುಕುಳಿದಿದ್ದರು. ಅದೇ ವರ್ಷ ಸಾಫರನ ಉಸಿರೂ ಇವರ ಒತ್ತುವಿಕೆಯೂ ಒಂದಾಗಿ, ಇಂದು ನಾವು ಸಿ.ಪಿ.ಆರ್. ಎನ್ನುವ ವಿದ್ಯೆ ರೂಪುಗೊಂಡಿತು.

ಗೊಂಬೆ ಕಲಿಸಿದ ಪಾಠ

ಬದುಕಿರುವವರ ಮೇಲೆ ಈ ವಿದ್ಯೆಯನ್ನು ಅಭ್ಯಾಸ ಮಾಡುವಂತಿಲ್ಲ. ಆ ತೊಡಕನ್ನು ಬಿಡಿಸಿದವನು ನಾರ್ವೆಯ ಸ್ಟಾವಾಂಗರ್ ಪಟ್ಟಣದ ಆಟಿಕೆ ತಯಾರಕ ಓಸ್ಮುಂಡ್ ಲೇರ್ಡಾಲ್. ಅವನ ಪುಟ್ಟ ಮಗ ಒಮ್ಮೆ ನೀರಿಗೆ ಬಿದ್ದು ಉಸಿರಿಲ್ಲದಂತಾಗಿದ್ದಾಗ, ಅವನೇ ಹೊರಗೆಳೆದು, ಗಂಟಲಿನ ದಾರಿಯನ್ನು ತೆರವು ಮಾಡಿ ಬದುಕಿಸಿಕೊಂಡಿದ್ದ. ಕಲಿಕೆಗೆ ಗೊಂಬೆ ಬೇಕೆಂದು ವೈದ್ಯರು ಕೇಳಿದಾಗ ಅವನು ಹಿಂದೆಗೆಯಲಿಲ್ಲ. 1960ರಲ್ಲಿ ‘ಆನ್’ ಎಂಬ ಗೊಂಬೆ ಸಿದ್ಧವಾಯಿತು. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಹೇಳಲಾಗುವ ಅನಾಮಿಕ ಯುವತಿಯ ಮುಖದ ಅಚ್ಚನ್ನೇ ಅದಕ್ಕೆ ಮುಖವಾಗಿ ಇಟ್ಟರು. ಕೆಲವೇ ದಿನಗಳಲ್ಲಿ ನಾರ್ವೆಯ ಶಾಲಾಮಕ್ಕಳೂ ಆ ಗೊಂಬೆಯ ಬಾಯಿಗೆ ಊದಿ ಕಲಿಯತೊಡಗಿದರು. ಮುಂದೆ ಶಿಶುಗಾತ್ರದ ಗೊಂಬೆಗಳೂ ಬಂದವು.

ಇಷ್ಟಾದರೂ ದೊಡ್ಡವರ ಹಿಂಜರಿಕೆ ಹೋಗಲಿಲ್ಲ. 1966ರಲ್ಲಿ ಅಮೆರಿಕದ ತಜ್ಞರ ಸಮ್ಮೇಳನವೊಂದು, ಎದೆ ಒತ್ತುವುದನ್ನು ವೈದ್ಯಕೀಯ ಸಿಬ್ಬಂದಿಗಷ್ಟೇ ಕಲಿಸಬೇಕೆಂಬ ನಿಲುವು ತಳೆಯಿತು. ಅದೇ ವರ್ಷ ಸಾಫರನ ಮಗಳೇ ಆಸ್ತಮಾ ಉಲ್ಬಣಿಸಿ ತೀರಿಕೊಂಡಳು. ತಂದೆ ಆಗ ಊರಲ್ಲಿರಲಿಲ್ಲ. ಲೋಕಕ್ಕೆಲ್ಲ ಉಸಿರು ಕೊಡುವ ವಿದ್ಯೆ ಕಲಿಸಿದವನ ಮನೆಯಲ್ಲಿ ಈ ದುರಂತ! ಮರುವರ್ಷ ಅವನು ಪಿಟ್ಸ್‌ಬರ್ಗಿನಲ್ಲಿ, ಕೆಲಸವಿಲ್ಲದ ಬಡ ಕಪ್ಪುಜನರಿಗೆ ತರಬೇತಿ ಕೊಟ್ಟು ಆಂಬ್ಯುಲೆನ್ಸ್ ಸೇವೆಯೊಂದನ್ನು ಕಟ್ಟಲು ನೆರವಾದ. ಆಸ್ಪತ್ರೆ ತಲುಪುವ ಮುನ್ನಿನ ಚಿಕಿತ್ಸೆಯೇ ನಿರ್ಣಾಯಕ ಎಂಬುದನ್ನು ಆ ಸೇವೆ ತೋರಿಸಿಕೊಟ್ಟಿತು. 1972ರಲ್ಲಿ ಸಿಯಾಟಲ್ ನಗರ ಸಾಮಾನ್ಯ ನಾಗರಿಕರಿಗೇ ಕಲಿಸಲು ಹೊರಟು, ಎರಡು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ಕಲಿಸಿತು. 1974ರಲ್ಲಿ ಅಮೆರಿಕದ ಅಧಿಕೃತ ಮಾರ್ಗಸೂಚಿ ಎಲ್ಲ ಜನರಿಗೂ ಬಾಗಿಲು ತೆರೆಯಿತು.

ಗಂಟಲಲ್ಲಿ ಸಿಕ್ಕಿದ ಕಡಲೆ

ಗಂಟಲಿಗೆ ವಸ್ತು ಸಿಕ್ಕಿಕೊಳ್ಳುವ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. 1897ರಲ್ಲಿ ಜರ್ಮನಿಯ ಗುಸ್ಟಾಫ್ ಕಿಲ್ಲಿಯಾನ್, ರೈತನೊಬ್ಬನ ಶ್ವಾಸನಾಳದಲ್ಲಿ ಸಿಕ್ಕಿದ್ದ ಎಲುಬಿನ ಚೂರನ್ನು ಕೊಳವೆಯ ಮೂಲಕ ಕಂಡು ಹೊರತೆಗೆದ. ಫಿಲಡೆಲ್ಫಿಯಾದ ಶೆವಲಿಯರ್ ಜಾಕ್ಸನ್ ಈ ಕೌಶಲವನ್ನು ಪರಮಾವಧಿಗೆ ಒಯ್ದ. ನುಂಗಿದ ಇಲ್ಲವೇ ಒಳಗೆಳೆದುಕೊಂಡ 2,374 ವಸ್ತುಗಳ ಅವನ ಸಂಗ್ರಹ ಇಂದಿಗೂ ಅಲ್ಲಿಯ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ: ಗುಂಡಿಗಳು, ಪಿನ್ನುಗಳು, ನಾಣ್ಯಗಳು, ಕಾಳುಗಳು, ಆಟಿಕೆಯ ಚೂರುಗಳು. ನಮ್ಮ ದೇಶದ ಆಸ್ಪತ್ರೆಗಳ ವರದಿಗಳಲ್ಲಿ ಮಕ್ಕಳ ಶ್ವಾಸನಾಳದಿಂದ ತೆಗೆದ ವಸ್ತುಗಳ ಪೈಕಿ ಮತ್ತೆ ಮತ್ತೆ ಮೊದಲ ಸ್ಥಾನ ಪಡೆಯುವುದು ಕಡಲೆಕಾಯಿ ಬೀಜ. ಅಡಿಕೆ ಚೂರು, ಹುಣಸೆ ಬೀಜ, ಸೀತಾಫಲದ ಬೀಜಗಳೂ ಆ ಪಟ್ಟಿಯಲ್ಲಿವೆ.

ಆದರೆ ಜಾಕ್ಸನ್ನನ ಕೌಶಲ ಆಸ್ಪತ್ರೆ ಮುಟ್ಟಿದವರಿಗೆ ಮಾತ್ರ. ಊಟದ ಮೇಜಿನ ಬಳಿಯೇ ಉಸಿರು ಕಟ್ಟಿದವರ ಗತಿ? 1963ರಲ್ಲಿ ಫ್ಲಾರಿಡಾದ ರೋಜರ್ ಹಾಗನ್ ಎಂಬ ವೈದ್ಯ, ಹೋಟೆಲುಗಳಲ್ಲಿ ಹೃದಯಾಘಾತದಿಂದ ಸತ್ತರೆಂದು ಭಾವಿಸಿದ್ದ ಹಲವರ ಗಂಟಲಲ್ಲಿ ಆಹಾರದ ತುಂಡು ಸಿಕ್ಕಿದ್ದನ್ನು ಬಯಲಿಗೆ ತಂದ. 1974ರಲ್ಲಿ ಸಿನ್ಸಿನ್ನಾಟಿಯ ಹೆನ್ರಿ ಹೈಮ್ಲಿಕ್, ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಒತ್ತುವ ಉಪಾಯವನ್ನು ಪ್ರಕಟಿಸಿದ. ಅದನ್ನು ಪತ್ರಿಕೆಯಲ್ಲಿ ಓದಿದ್ದ ವೃದ್ಧರೊಬ್ಬರು ಕೆಲವೇ ದಿನಗಳಲ್ಲಿ ನೆರೆಮನೆಯ ಹೆಂಗಸನ್ನು ಉಳಿಸಿದರು. ಬೆನ್ನಿಗೆ ಗುದ್ದುವುದು ಮೇಲೋ ಹೊಟ್ಟೆ ಒತ್ತುವುದು ಮೇಲೋ ಎಂಬ ವಾದ ಮುಂದೆ ಬಹುಕಾಲ ನಡೆಯಿತು. 1985ರಲ್ಲಿ ಅಮೆರಿಕದಲ್ಲಿ ಹೈಮ್ಲಿಕ್‌ನ ಪಕ್ಷ ಗೆದ್ದಿತು. ಬಳಿಕ ಬೆನ್ನಿನ ಗುದ್ದೂ ಮರಳಿ ಬಂದು, ಈಗ ಐದು ಗುದ್ದು, ಐದು ಒತ್ತು ಎಂಬ ಕ್ರಮ ನೆಲೆನಿಂತಿದೆ. ಆದರೆ ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತುವುದು ನಿಷಿದ್ಧ. ಎಳೆಯ ಕೂಸಿನ ಯಕೃತ್ತಿಗೆ ಪಕ್ಕೆಲುಬಿನ ರಕ್ಷಣೆ ಸಾಲದು. ಒತ್ತಿದರೆ ಅದಕ್ಕೆ ಪೆಟ್ಟಾದೀತು. ಸಿನಿಮಾದಲ್ಲಿ ಕಂಡದ್ದನ್ನು ಕೂಸಿನ ಮೇಲೆ ಪ್ರಯೋಗಿಸಬಾರದೆನ್ನುವುದು ಇದಕ್ಕಾಗಿಯೇ.

ಗಡಚಿರೋಲಿಯ ಹೆಂಗಸರು

‘ಇದೆಲ್ಲ ಓದಿದವರ ಕೆಲಸ, ನಮ್ಮಿಂದಾದೀತೇ?’ ಎನ್ನುವವರಿಗೆ ಉತ್ತರ ನಮ್ಮ ದೇಶದಲ್ಲೇ ಇದೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು, ಹಳ್ಳಿಯ ಹೆಂಗಸರಿಗೆ ಮನೆಯಲ್ಲೇ ನವಜಾತ ಶಿಶುಗಳ ಆರೈಕೆ ಮಾಡುವುದನ್ನು ಕಲಿಸಿದರು. ಹುಟ್ಟಿದೊಡನೆ ಉಸಿರಾಡದ ಕೂಸಿಗೆ ಉಸಿರು ಕೊಡುವುದೂ ಅದರಲ್ಲಿ ಸೇರಿತ್ತು. ಮೊದಲು ಬಾಯಿಂದ, ಆಮೇಲೆ ಕೊಳವೆಯಿಂದ, ಕಡೆಗೆ ಕೈಚೀಲದ ಸಾಧನದಿಂದ ಉಸಿರು ಕೊಟ್ಟ ಅನುಭವಗಳನ್ನು ಅವರು ಹೋಲಿಸಿ ಬರೆದಿದ್ದಾರೆ. 39 ಹಳ್ಳಿಗಳ ಈ ಯೋಜನೆಯಿಂದ ಹಸುಗೂಸುಗಳ ಮರಣ ನೂರಕ್ಕೆ 62ರಷ್ಟು ಇಳಿಯಿತೆಂಬ ವರದಿ 1999ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಗಿ ಲೋಕದ ಗಮನ ಸೆಳೆಯಿತು. 2009ರಲ್ಲಿ ಭಾರತ ಸರಕಾರ ಹೆರಿಗೆ ಮಾಡಿಸುವ ಸಿಬ್ಬಂದಿಗೆ ಈ ವಿದ್ಯೆ ಕಲಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಹೆಚ್ಚು ಓದದ ಹಳ್ಳಿಯ ಹೆಂಗಸು ಕಲಿತದ್ದನ್ನು, ಪದವಿ ಪಡೆದು ಮಹಾನಗರ ಸೇರಿದ ನಾವು ಕಲಿಯಲಾರೆವೆಂದರೆ ಅದು ಒಪ್ಪುವ ಮಾತಲ್ಲ.

ಇಂದು ಹೇಳುವ ಕ್ರಮ

ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಬೇಕು. ಬಳಿಯಲ್ಲೇ ಇದ್ದು ನೋಡುತ್ತಿರಬೇಕು. ಸದ್ದು ನಿಂತು ಉಸಿರಾಡಲಾರದಾದರೆ, ಒಂದು ವರ್ಷದೊಳಗಿನ ಕೂಸನ್ನು ಮುಂದೋಳಿನ ಮೇಲೆ ಬೋರಲು ಮಲಗಿಸಿ, ದವಡೆಗೆ ಕೈಯ ಆಧಾರ ಕೊಟ್ಟು, ತಲೆ ಎದೆಗಿಂತ ತಗ್ಗಿರುವಂತೆ ಹಿಡಿಯಬೇಕು. ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಿಗಿಯಾಗಿ ಗುದ್ದಬೇಕು. ಹೊರಬಾರದಿದ್ದರೆ ಮಗುಚಿ ಅಂಗಾತ ಹಿಡಿದು, ಮೊಲೆತೊಟ್ಟುಗಳ ಗೆರೆಯ ತುಸು ಕೆಳಗೆ ಎದೆಯ ನಡುಮೂಳೆಯನ್ನು ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಇದನ್ನೇ ಒಂದಾದ ಮೇಲೊಂದರಂತೆ ಮುಂದುವರಿಸಬೇಕು. ವರ್ಷ ತುಂಬಿದ ಮಕ್ಕಳಿಗೆ ಎದೆಯ ಬದಲು ಹೊಟ್ಟೆಯ ಮೇಲ್ಭಾಗವನ್ನು ಒತ್ತುವುದು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು. ಅದು ಇನ್ನೂ ಆಳಕ್ಕೆ ಹೋದೀತು. ಕಣ್ಣಿಗೆ ಕಂಡರೆ ಮಾತ್ರ ತೆಗೆಯುವುದು.

ಮಗು ಎಚ್ಚರ ತಪ್ಪಿ ಉಸಿರಾಡದಿದ್ದರೆ, ಕೂಗಿ ನೆರವು ಕರೆದು, ಫೋನಿನ ಸ್ಪೀಕರ್ ಹಾಕಿ ಆಂಬ್ಯುಲೆನ್ಸಿಗೆ ಕರೆ ಮಾಡುತ್ತಲೇ, ಗಟ್ಟಿಯಾದ ಸಮತಟ್ಟಿನ ಮೇಲೆ ಮಲಗಿಸಿ ಸಿ.ಪಿ.ಆರ್. ತೊಡಗಬೇಕು. ಎದೆಯ ನಡುಮೂಳೆಯನ್ನು ಎದೆಯ ಆಳದ ಮೂರನೆಯ ಒಂದು ಪಾಲು, ಎಂದರೆ ಸುಮಾರು 4 ಸೆಂಟಿಮೀಟರಿನಷ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತುವುದು. ಬಳಿಕ ಕೂಸಿನ ಬಾಯಿ ಮೂಗು ಎರಡನ್ನೂ ನಮ್ಮ ಬಾಯಿಂದ ಮುಚ್ಚಿ, ಎದೆ ತುಸು ಉಬ್ಬುವಷ್ಟೇ ಮೆಲುವಾಗಿ 2 ಸಲ ಊದುವುದು. ಊದುವ ಮುನ್ನ ಪ್ರತಿಸಲವೂ ಬಾಯೊಳಗೆ ನೋಡುವುದು. ಕೂಸಿನ ತಲೆ ನೆಟ್ಟಗಿರಬೇಕು; ದೊಡ್ಡವರಂತೆ ತೀರ ಹಿಂದಕ್ಕೆ ಬಾಗಿಸಬಾರದು. ಎರಡು ಬೆರಳುಗಳಿಂದ ಒತ್ತುವುದನ್ನು ಬಹುಕಾಲ ಕಲಿಸುತ್ತಿದ್ದರು. ಅಮೆರಿಕದ 2025ರ ಮಾರ್ಗಸೂಚಿ ಅದನ್ನು ಕೈಬಿಟ್ಟು, ಒಂದು ಅಂಗೈಯ ಬುಡದಿಂದ, ಇಲ್ಲವೇ ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿದು ಎರಡು ಹೆಬ್ಬೆರಳುಗಳಿಂದ ಒತ್ತಲು ಹೇಳುತ್ತದೆ. ನಮ್ಮ ದೇಶದ ಅರಿವಳಿಕೆ ತಜ್ಞರು 2017ರಲ್ಲಿ ದೊಡ್ಡವರಿಗಾಗಿ ಕೇವಲ ಎದೆ ಒತ್ತುವ ಸುಲಭ ಕ್ರಮವನ್ನು ಪ್ರಚಾರಕ್ಕೆ ತಂದಿದ್ದಾರೆ. ಅದನ್ನು ಕಲಿತವರು ಒಂದು ವ್ಯತ್ಯಾಸವನ್ನು ನೆನಪಿಡಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ ಮೊದಲು ನಿಲ್ಲುವುದು ಹೃದಯ. ಕೂಸಿನಲ್ಲಿ ಮೊದಲು ನಿಲ್ಲುವುದು ಉಸಿರು. ಆದ್ದರಿಂದ ಕೂಸಿಗೆ ಉಸಿರನ್ನೂ ಕೊಡಲೇಬೇಕು. ಮಗು ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸುವುದನ್ನು ಬಿಡಬಾರದು.

ಇದನ್ನು ಓದಿದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ಈಜನ್ನು ಪುಸ್ತಕದಿಂದ ಕಲಿಯಲಾದೀತೇ? ಗೊಂಬೆಯ ಮೇಲೆ ಕೈಯಾಡಿಸಿಯೇ ಕಲಿಯಬೇಕು, ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ತಿರುವಿಹಾಕಬೇಕು.

ನಮ್ಮ ಮನೆ, ನಮ್ಮ ಸಂಘ

ಹೊರನಾಡಿನಲ್ಲಿರುವ ನಮ್ಮ ಸ್ಥಿತಿ ತುಸು ಬೇರೆ. ಊರಿನ ತೊಟ್ಟಿಯ ಮನೆಯಲ್ಲಿ ಕೂಸಿನ ಸುತ್ತ ಹತ್ತು ಜನರಿರುತ್ತಿದ್ದರು. ಇಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ತಾಯಿ ಒಬ್ಬಳೇ, ಇಲ್ಲವೇ ಬಾಣಂತನಕ್ಕೆಂದು ಊರಿಂದ ಬಂದ ಅಜ್ಜಿ ಒಬ್ಬರೇ. ಅಜ್ಜಿಗೆ ಒಳಲೆಯಲ್ಲಿ ಹಾಲು ಹಾಕುವುದು ಗೊತ್ತು, ಎರೆಯುವುದು ಗೊತ್ತು; ಆದರೆ ಪಕ್ಕದ ಮನೆಯವರನ್ನು ಮರಾಠಿಯಲ್ಲೋ ತಮಿಳಿನಲ್ಲೋ ಕೂಗಿ ಕರೆಯುವುದು ಗೊತ್ತಿಲ್ಲ, ಫೋನಿನಲ್ಲಿ ಹಿಂದಿಯಲ್ಲಿ ವಿಳಾಸ ಹೇಳುವುದು ಗೊತ್ತಿಲ್ಲ. ತಂದೆತಾಯಿ ಇಬ್ಬರೂ ದುಡಿಯುವ ಮನೆಯಲ್ಲಿ ಮಗು ಹಗಲೆಲ್ಲ ಆಯಾಳ ಮಡಿಲಲ್ಲಿ.

ಹಬ್ಬದ ದಿನವನ್ನೂ ನೋಡಿ. ಸಂಕ್ರಾಂತಿಗೆ ನಾವು ಮನೆಮನೆಗೆ ಎಳ್ಳು ಬೀರುತ್ತೇವೆ. ಅದರಲ್ಲಿ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿಯ ಚೂರು. ಪುಟ್ಟ ಮಕ್ಕಳನ್ನು ಹಸೆಯ ಮೇಲೆ ಕೂರಿಸಿ ಎಲಚಿಹಣ್ಣು, ಕಬ್ಬಿನ ಚೂರು, ಕಾಸುಗಳನ್ನು ತಲೆಯ ಮೇಲೆ ಎರೆಯುತ್ತೇವೆ. ಮಹಾರಾಷ್ಟ್ರದ ನೆರೆಯವರೂ ಬೋರನ್ಹಾಣ್ ಎಂದು ಇದನ್ನೇ ಮಾಡುತ್ತಾರೆ. ಜಾಕ್ಸನ್ನನ ಸಂಗ್ರಹದ ಅರ್ಧ ಪಟ್ಟಿ ಅಂದು ನಮ್ಮ ಹಸೆಯ ಮೇಲೆಯೇ ಹರಡಿರುತ್ತದೆ! ಸಂಪ್ರದಾಯವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಎರೆದ ಮೇಲೆ ಹಸೆಯನ್ನು ಒಡನೆ ಗುಡಿಸಿ ತೆಗೆಯಲಿ. ಚಿಕ್ಕವರಿಗೆ ಎಳ್ಳನ್ನು ಪುಡಿಮಾಡಿ ಕೊಡಲಿ. ಇಡೀ ಬೀಜ, ಇಡೀ ದ್ರಾಕ್ಷಿ ಎಳೆಮಕ್ಕಳ ಕೈಗೆ ಸಿಗದಿರಲಿ. ಮಗು ಕುಳಿತು ತಿನ್ನಲಿ, ಓಡುತ್ತ ನಗುತ್ತ ತಿನ್ನದಿರಲಿ.

ಆಮ್‌ಸ್ಟರ್‌ಡಾಮಿನ ನಾಗರಿಕರು 1767ರಲ್ಲಿ ಮಾಡಿದ್ದನ್ನು ನಮ್ಮ ಸಂಘಗಳು ಇಂದು ಮಾಡಬಲ್ಲವು. ರಾಜ್ಯೋತ್ಸವಕ್ಕೆ, ನಾಟಕಕ್ಕೆ, ದಾಸರ ಪದಗಳ ಸ್ಪರ್ಧೆಗೆ ತೆರೆಯುವ ಸಭಾಭವನವನ್ನು ವರ್ಷಕ್ಕೊಂದು ಭಾನುವಾರ ಇದಕ್ಕೂ ತೆರೆಯೋಣ. ನಮ್ಮ ಸದಸ್ಯರಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ. ಸೇಂಟ್ ಜಾನ್ ಆಂಬ್ಯುಲೆನ್ಸ್ ಹಾಗೂ ರೆಡ್‌ಕ್ರಾಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಗತಿಗಳನ್ನು ನಡೆಸುತ್ತವೆ. ಕನ್ನಡದಲ್ಲಿ ಕಲಿಸಿದರೆ ಅಜ್ಜಿಯರೂ ಸಂಕೋಚವಿಲ್ಲದೆ ಗೊಂಬೆಯ ಮುಂದೆ ಕುಳಿತಾರು. ಆಯಾಗಳನ್ನೂ ಕರೆತಂದು ಅವರ ಭಾಷೆಯಲ್ಲಿ ತಿಳಿಸೋಣ. ನಮ್ಮ ಮಕ್ಕಳ ಉಸಿರು ಅವರ ಕೈಯಲ್ಲಿಯೂ ಇದೆ.

ಅಲ್ಲಿಯವರೆಗೆ ಪ್ರತಿ ಮನೆಯವರೂ ಇಂದೇ ಮಾಡಬಹುದಾದ ಕೆಲಸವೊಂದಿದೆ. ಒಂದು ಹಾಳೆಯಲ್ಲಿ 112 ಎಂದು ದೊಡ್ಡದಾಗಿ ಬರೆಯಿರಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ 108, ದೆಹಲಿಯಲ್ಲಿ 102 ಎಂಬ ಆಂಬ್ಯುಲೆನ್ಸ್ ಸಂಖ್ಯೆಯನ್ನೂ ಸೇರಿಸಿ. ಅದರ ಕೆಳಗೆ ನಿಮ್ಮ ಮನೆಯ ಸಂಖ್ಯೆ, ಕಟ್ಟಡದ ಹೆಸರು, ಹತ್ತಿರದ ಗುರುತು ಇವನ್ನು ಇಲ್ಲಿನ ಜನರ ಭಾಷೆಯಲ್ಲಿ, ಆದರೆ ಅಜ್ಜಿ ಓದಬಲ್ಲ ಕನ್ನಡ ಅಕ್ಷರಗಳಲ್ಲಿ ಬರೆದು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿ. ಒಂದೆರಡು ಸಲ ಅವರಿಂದ ಗಟ್ಟಿಯಾಗಿ ಓದಿಸಿ.